ಹುಲಿಗೆಪ್ಪನವರು ಹೊತ್ತ ಹೊಂಡದ ನೀರು

ಹೋದ ತಿಂಗಳು ಅಕ್ಕನ ಮೊಮ್ಮಗಳ ಮದುವೆಗೆ ಸೀರೆ ತರಲೆಂದು ಇಳಕಲ್ಲಿಗೆ ಹೋಗಿದ್ದೆ. ಬಾಗಲಕೋಟೆಯ ನವನಗರದಲ್ಲಿ ಬಸ್ಸು ಹತ್ತುವಾಗ ಚುರುಗುಟ್ಟುವ ಬಿಸಿಲಿತ್ತು. ಹುನಗುಂದ ದಾಟುವಷ್ಟರಲ್ಲಿ ಮೋಡ ಕವಿದು, ಇಳಕಲ್ಲಿನ ಬಸ್ ನಿಲ್ದಾಣದಲ್ಲಿ ಇಳಿದಾಗ ದಪ್ಪ ಹನಿ ಬೀಳುತ್ತಿದ್ದವು. ಮನೆಯ ಹೆಂಗಸರು ಹೇಳಿ ಕಳಿಸಿದ ಬಣ್ಣಗಳನ್ನು ಬಾಯಲ್ಲಿ ಜಪಿಸುತ್ತ ಅಂಗಡಿ ಸಾಲಿನ ಕಡೆ ಹೊರಟವನಿಗೆ ಒಂದು ವಾಸನೆ ಬಂತು. ನೀರಿನಲ್ಲಿ ನೆನೆದ ತಂಗಡಿ ತೊಗಟೆಯ ಒಗರು ವಾಸನೆ, ಅದರ ಹಿಂದೆಯೇ ಹಸಿ ತೊಗಲಿನದು. ಗೊತ್ತಿಲ್ಲದವರು ಮೂಗು ಮುಚ್ಚಿಕೊಳ್ಳುತ್ತಾರೆ. ನಾನು ರಸ್ತೆಯ ನಡುವೆಯೇ ನಿಂತುಬಿಟ್ಟೆ. ಹಿಂದೆ ಬಂದ ಆಟೋದವನು ಬ್ರೇಕು ಒತ್ತಿ, "ಏ ಕಾಕಾ, ಮನ್ಯಾಗ ಹೇಳಿ ಬಂದೀಯೇನು?" ಎಂದು ಬೈದ. ಬೈಸಿಕೊಂಡದ್ದಕ್ಕೆ ಸಿಟ್ಟೂ ಬರಲಿಲ್ಲ. ಬೈಗುಳಕ್ಕೂ ಆ ವಾಸನೆಗೂ ನನ್ನ ತಲೆಯಲ್ಲಿ ಒಂದು ಹಳೆಯ ನಂಟಿದೆ.

ನಾನು ಬಾದಾಮಿಯವನು. ನಿವೃತ್ತನಾಗುವವರೆಗೆ ಸರಕಾರಿ ಬಸ್ಸು ಓಡಿಸಿದವನು. ಅದಕ್ಕೂ ಮೊದಲು, ಎಪ್ಪತ್ತರ ದಶಕ ಮುಗಿಯುವ ಹೊತ್ತಿನಲ್ಲಿ, ಬಾಗಲಕೋಟೆಯಲ್ಲಿ ಹುಲಿಗೆಪ್ಪನವರ ಜೀಪಿಗೆ ಚಾಲಕನಾಗಿದ್ದೆ. ಹುಲಿಗೆಪ್ಪನವರು ವಿಧಾನ ಪರಿಷತ್ತಿನ ಸದಸ್ಯರು. ಜನ ಎದುರಿಗೆ ಎಮ್ಮೆಲ್ಸಿ ಸಾಹೇಬ್ರು ಎನ್ನುತ್ತಿದ್ದರು, ಬೆನ್ನ ಹಿಂದೆ ಕೆಲವರು ಬಾಯಿಗೆ ಬಂದದ್ದನ್ನು ಅನ್ನುತ್ತಿದ್ದರು. ಇಳಕಲ್ಲಿನಲ್ಲಿ ತೊಗಲು ಹದ ಮಾಡುವವರ ಮನೆಯಲ್ಲಿ ಹುಟ್ಟಿದ ಮನುಷ್ಯ ಅವರು. ಹುನಗುಂದದ ಬಸ್ ನಿಲ್ದಾಣದ ಎದುರು ಗೋಣಿತಟ್ಟು ಹಾಸಿಕೊಂಡು ವರ್ಷಗಟ್ಟಲೆ ಕಾಲ್ಮರಿ ಹೊಲಿದರು. ಕಾಲ್ಮರಿ ಎಂದರೆ ನಮ್ಮ ಕಡೆ ಚಪ್ಪಲಿ. ಹೊಲಿಯುತ್ತಲೇ ತಮ್ಮ ಕಸುಬಿನವರ ಸಂಘ ಕಟ್ಟಿದರು, ಸಂಘದಿಂದ ರಾಜಕೀಯಕ್ಕೆ ಬಂದರು, ಕೊನೆಗೆ ಬೆಂಗಳೂರಿನ ಆ ದೊಡ್ಡ ಕಲ್ಲಿನ ಕಟ್ಟಡದೊಳಗೆ ಹೋಗಿ ಕುಳಿತರು. ನನಗಾಗ ಮೀಸೆ ಗಟ್ಟಿಯಾಗಿದ್ದು ಬಿಟ್ಟರೆ ಬೇರೇನೂ ಗಟ್ಟಿಯಾಗಿರಲಿಲ್ಲ. ಜೀಪು ಸಿಕ್ಕಿತಲ್ಲ ಎಂಬುದೇ ಖುಷಿ.

ಅವರಿಗೊಂದು ಅಭ್ಯಾಸವಿತ್ತು. ಯಾರೇ ಎದುರು ಬರಲಿ, ಮೊದಲು ಕಾಲು ನೋಡುತ್ತಿದ್ದರು, ಆಮೇಲೆ ಮುಖ. ಒಮ್ಮೆ ಬಾದಾಮಿಯ ಪ್ರವಾಸಿ ಮಂದಿರದಲ್ಲಿ ಅಧಿಕಾರಿಗಳ ಸಭೆ. ಇವರು ಸಭೆ ಮುಗಿಯುವವರೆಗೂ ತಲೆ ತಗ್ಗಿಸಿ ಕುಳಿತಿದ್ದರು. ಹೊರಗೆ ಬಂದ ಒಬ್ಬರು, "ಸಾಹೇಬ್ರು ಭಾಳ ವಿನಯದವರು" ಎಂದು ನನ್ನೆದುರೇ ಹೊಗಳಿದರು. ಜೀಪು ಹತ್ತಿದ ಮೇಲೆ ಸಾಹೇಬರು ಹೇಳಿದ್ದು ಇದು: "ಶಂಕ್ರ್ಯಾ, ಆ ಮೂಲ್ಯಾಗ ಕುಂತಿದ್ದ ಇಂಜಿನಿಯರ್ ಬೂಟು ನೋಡಿದೇನು? ಎರಡೂ ಕಡೆ ಹೊಲಿಗಿ ಬಿಟ್ಟಾವು, ತಳಾ ಸವದೈತಿ. ಮನಷ್ಯಾ ಖರೇನ ಹೊಲಾ ತಿರಗತಾನ. ಅವ ಹೇಳಿದ ಲೆಕ್ಕಾ ನಂಬಬಹುದು. ಉಳದವರು ಬೂಟು ಒರಸೂದ್ರಾಗ ದಿನಾ ಕಳೀತಾರ." ನಾನು ಅಂದಿನಿಂದ ನನ್ನ ಚಪ್ಪಲಿಯನ್ನು ಕ್ಲಚ್ಚಿನ ಕೆಳಗೆ ಸರಿಸಿ ಇಡತೊಡಗಿದೆ.

ಮನೆಯಲ್ಲಿ ಅವ್ವನಿಗೆ ಈ ನೌಕರಿ ಸೇರಿರಲಿಲ್ಲ. ಬಾದಾಮಿಗೆ ಹೋದಾಗಲೆಲ್ಲ ಹಿತ್ತಲ ಬಾಗಿಲಲ್ಲಿ ನೀರು ಕಾಯಿಸಿ ಇಟ್ಟಿರುತ್ತಿದ್ದಳು. ಸ್ನಾನ ಮಾಡದೆ ಒಳಗೆ ಕಾಲಿಡುವಂತಿಲ್ಲ. "ಧೂಳು ಭಾಳ ಇರತೈತಪಾ ದಾರ್‍ಯಾಗ" ಎನ್ನುತ್ತಿದ್ದಳು. ಮೊದಲು ಲಾರಿಯಲ್ಲಿ ಕ್ಲೀನರ್ ಆಗಿದ್ದಾಗ ಇದಕ್ಕಿಂತ ಹೆಚ್ಚು ಧೂಳು ಹೊತ್ತು ಬರುತ್ತಿದ್ದೆ, ಆಗ ಬಿಸಿನೀರು ಯಾರೂ ಇಟ್ಟಿರಲಿಲ್ಲ. ನನಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು, ಇಬ್ಬರೂ ಧೂಳಿನ ಮೇಲೆ ಹಾಕಿ ಸುಮ್ಮನಿದ್ದೆವು.

ಒಂದು ವರ್ಷದ ಮುಂಗಾರಿನ ಕತೆಗೆ ಬರುತ್ತೇನೆ. ಇಳಕಲ್ಲಿನಲ್ಲಿ ತೊಗಲು ಹದ ಮಾಡುವ ಹತ್ತಾರು ಮನೆಗಳಿದ್ದವು. ಮನೆಗೊಂದು ಹೊಂಡ. ಹೊಂಡಗಳು ಊರ ಹೊರಗಿದ್ದವಂತೆ, ಆದರೆ ಊರು ಬೆಳೆದು ಅವುಗಳನ್ನು ನಡುವೆ ಸಿಕ್ಕಿಸಿಕೊಂಡಿತ್ತು. ಒಂದು ಕಡೆ ನೇಕಾರರ ಓಣಿ, ಇನ್ನೊಂದು ಕಡೆ ಕಲ್ಲು ಪಾಲಿಶ್ ಮಾಡುವ ಶೆಡ್ಡು. ವಾಸನೆಗೆ ಊರವರ ತಕರಾರು. ಇವರಿಗೋ ನೀರಿಲ್ಲ, ತೊಗಲು ಒಣಹಾಕಲು ಜಾಗವಿಲ್ಲ. ಹುಲಿಗೆಪ್ಪನವರು ಬೆಂಗಳೂರಿಗೆ ಅಲೆದು, ಊರಾಚೆ ಗುಡ್ಡದ ಬದಿಗೆ ಬಾವಿಯಿರುವ ಜಾಗ ಮಂಜೂರು ಮಾಡಿಸಿದರು. ಹೊಸ ಹೊಂಡ ತೋಡಿ, ಗಚ್ಚು ಹಾಕಿಸಿದರು. ಆ ಬೇಸಿಗೆಯೆಲ್ಲ ನಮ್ಮ ಜೀಪು ಬಾಗಲಕೋಟೆಯಿಂದ ಹುನಗುಂದ, ಹುನಗುಂದದಿಂದ ಇಳಕಲ್ಲು ಎಂದು ಓಡಿದ್ದೇ ಓಡಿದ್ದು. ನಡುವೆ ಅಮೀನಗಡದಲ್ಲಿ ನಿಲ್ಲಿಸಿ ಕರದಂಟು ತಿನ್ನುವುದೊಂದೇ ವಿಶ್ರಾಂತಿ. ಜೀಪಿಗೆ ಇಳಿಜಾರು ಸಿಕ್ಕರೆ ಮಾತ್ರ ಎಂಜಿನ್ ಶುರುವಾಗುತ್ತಿತ್ತು. ವಿಧಾನ ಪರಿಷತ್ತಿನ ಸದಸ್ಯರೇ ಇಳಿದು ನೂಕಿದ್ದು ಎಷ್ಟು ಸಲವೋ!

ಹೊಂಡ ಬದಲಿಸುವುದು ಮನೆ ಬದಲಿಸಿದಂತಲ್ಲ ಎಂಬುದು ನನಗೆ ತಿಳಿದದ್ದು ಆಗಲೇ. ತಂಗಡಿ ತೊಗಟೆಯನ್ನು ಕುಟ್ಟಿ ನೀರಿಗೆ ಹಾಕಿ, ಆ ನೀರಿನಲ್ಲಿ ತೊಗಲು ನೆನೆಸುತ್ತಾರೆ. ಹೊಸ ತೊಗಟೆಯ ನೀರು ಒರಟು. ತೊಗಲಿನ ಮೈಯನ್ನು ಮೇಲಷ್ಟೇ ಬಿಗಿದು ಒಳಗೆ ಹಸಿಯಾಗಿಯೇ ಬಿಟ್ಟುಬಿಡುತ್ತದೆ, ಆಮೇಲೆ ಅದು ಕೊಳೆಯುತ್ತದೆ. ಹಳೆಯ ನೀರು ಸಾವಕಾಶ ಒಳಗಿಳಿಯುತ್ತದೆ. ಆದ್ದರಿಂದ ಹೊಂಡವನ್ನು ಅವರು ಎಂದೂ ಪೂರ್ತಿ ಬರಿದು ಮಾಡುವುದಿಲ್ಲ. ಹಾಲಿಗೆ ಹೆಪ್ಪು ಹಾಕಿದ ಹಾಗೆ, ಹೊಸ ಹೊಂಡಕ್ಕೆ ಹಳೆಯದರ ನೀರು ಬೀಳಲೇಬೇಕು. ಅಪ್ಪನ ಹೊಂಡದ ನೀರು ಮಗನಿಗೆ, ಮಗನದು ಮೊಮ್ಮಗನಿಗೆ. ಹುಲಿಗೆಪ್ಪನವರ ಮನೆಯ ಹೊಂಡದ ನೀರು ಅವರ ಮುತ್ತಜ್ಜನ ಕಾಲದ್ದು ಎನ್ನುತ್ತಿದ್ದರು. ಆ ಮನೆಯಲ್ಲಿ ಈಗ ಕಸುಬು ನಡೆಸುತ್ತಿದ್ದದ್ದು ಅವರ ಸೋದರತ್ತೆ ದುರಗವ್ವ ಮತ್ತು ಅಣ್ಣನ ಮಗ ಮರಿಯಪ್ಪ. ದುರಗವ್ವ ಕಡ್ಡಿಯಂಥ ಹೆಂಗಸು, ದನಿ ಮಾತ್ರ ಗುಡ್ಡದಾಚೆಗೂ ಕೇಳುವಂಥದ್ದು.

ಸ್ಥಳಾಂತರಕ್ಕೆ ಒಂದು ಸೋಮವಾರ ಗೊತ್ತಾಯಿತು. ಅರ್ಧ ಹದವಾದ ತೊಗಲುಗಳನ್ನು ಬೆಳಿಗ್ಗೆಯೇ ಎತ್ತಿನ ಗಾಡಿಗಳಲ್ಲಿ ಹೊಸ ಜಾಗಕ್ಕೆ ಸಾಗಿಸಿದ್ದರು. ಸಂಜೆಯೊಳಗೆ ಹಳೆಯ ನೀರು ಅಲ್ಲಿಗೆ ಮುಟ್ಟಬೇಕು. ಇಲ್ಲದಿದ್ದರೆ ಆ ಧಗೆಗೆ ತೊಗಲೆಲ್ಲ ಹಾಳು, ಹತ್ತಾರು ಮನೆಗಳ ಆರು ತಿಂಗಳ ದುಡಿಮೆ ಮಣ್ಣುಪಾಲು. ನೀರು ಸಾಗಿಸುವ ಹೊಣೆ ಸಾಹೇಬರು ಹೊತ್ತಿದ್ದರು. ನನ್ನನ್ನೇ ಕಳಿಸಿ ಬಾಗಲಕೋಟೆಯಿಂದ ಟ್ರ್ಯಾಕ್ಟರು ತರಿಸಿದ್ದರು, ಅದರ ಮೇಲೆ ರಸ್ತೆ ಕೆಲಸದವರ ಹತ್ತಿರ ಕೇಳಿ ತಂದ ದೊಡ್ಡ ದೊಡ್ಡ ಡ್ರಮ್ಮುಗಳು. "ತಲಿಮ್ಯಾಲ ಹೊರೂದು ನಮ್ಮ ಮಂದಿಗೆ ಸಾಕಾಗೇತಿ. ಈ ಸಲ ಗಾಲಿಮ್ಯಾಲ ಹೋಗಲಿ" ಎಂದಿದ್ದರು. ಆ ಮಾತು ಕೇಳಿ ನನಗೆ ಎದೆ ಉಬ್ಬಿತ್ತು. ಡ್ರಮ್ಮುಗಳನ್ನು ನಾನೇ ಉಜ್ಜಿ ಉಜ್ಜಿ ತೊಳೆದಿದ್ದೆ.

ಮೊದಲು ತಮ್ಮ ಮನೆಯ ಹೊಂಡವೇ ಖಾಲಿಯಾಗಲಿ ಎಂದು ಸಾಹೇಬರು ಹೇಳಿದರು. ಮರಿಯಪ್ಪ ಮತ್ತು ಇತರರು ಗಡಿಗೆಯಿಂದ ಮೊಗೆದು ಡ್ರಮ್ಮಿಗೆ ತುಂಬಿದರು. ಯಾರೂ ಹೆಚ್ಚು ಮಾತಾಡಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡಿದ್ದು ಈಗ ನೆನಪಾಗುತ್ತದೆ. ತಳದಲ್ಲಿ ಉಳಿದದ್ದು ಬರಿ ರಾಡಿ. ಟ್ರ್ಯಾಕ್ಟರು ಹೊರಟಿತು, ಹಿಂದೆ ನಮ್ಮ ಜೀಪು. ಹೊಸ ಜಾಗದಲ್ಲಿ ದುರಗವ್ವ ಹೊಂಡದ ದಂಡೆಗೆ ಅರಿಸಿನ ಕುಂಕುಮ ಹಚ್ಚಿ, ಕಾಯಿ ಹಿಡಿದು ಕಾದಿದ್ದಳು. ಹಾದಿ ಕೆಟ್ಟು ಟ್ರ್ಯಾಕ್ಟರಿನ ಗಾಲಿ ಎರಡು ಕಡೆ ಕೆಸರಲ್ಲಿ ಹೂತು, ಮುಟ್ಟುವಾಗ ಹೊತ್ತು ಸಾಕಷ್ಟು ಏರಿತ್ತು. ಮರಿಯಪ್ಪ ಡ್ರಮ್ಮಿನ ಬಾಯಿ ತೆರೆದು ಬಗ್ಗಿಸಿದ. ಬೆಲ್ಲದ ಪಾಕದ ಬಣ್ಣದ ನೀರು ಬರಬೇಕಿತ್ತು. ಬಂದದ್ದು ಶಾಯಿ. ಕಪ್ಪಗೆ, ದಟ್ಟಗೆ, ಸಾಲಿಯಲ್ಲಿ ನಾವು ದೌತಿಯಲ್ಲಿ ತುಂಬಿಕೊಳ್ಳುತ್ತಿದ್ದ ಶಾಯಿಯಂತೆ.

ದುರಗವ್ವನ ಕೈಯಲ್ಲಿದ್ದ ಕಾಯಿ ಕೆಳಗೆ ಬಿತ್ತು.

"ಕಬ್ಬಣದಾಗ ತುಂಬಿಸಿದೇನೋ?" ಎಂದಳು. ಮೊದಲು ಮೆಲ್ಲಗೆ, ಆಮೇಲೆ ಗುಡ್ಡ ಕೇಳುವಂತೆ. "ಏ ಹುಲಿಗ್ಯಾ! ಕಬ್ಬಣದಾಗ ತುಂಬಿಸಿದೇನೋ? ನಿಮ್ಮಪ್ಪ ಹೊಂಡದ ದಂಡಿಮ್ಯಾಲೆ ಒಂದು ಸೂಜಿ ಸೈತ ಇಡಗೊಡತಿದ್ದಿಲ್ಲ. ಹಾಲ ಕುಡ್ಯೂ ಕೂಸಿಗೂ ಗೊತ್ತೈತಿ, ತಂಗಡಿ ನೀರಿಗೆ ಕಬ್ಬಣ ಮುಟ್ಟಿದ್ರ ವಿಷಾ ಅಂತ. ಬೆಂಗಳೂರಾಗ ಕುರ್ಚಿಮ್ಯಾಲ ಕುಂತು ಇದನ್ನೂ ಮರತೇನೋ? ನಿನ್ನ ಮುತ್ಯಾನ ನೀರೋ ಅದು! ಮುತ್ಯಾನ ನೀರು!"

ತಂಗಡಿ ನೀರು ಕಬ್ಬಿಣಕ್ಕೆ ತಾಗಿದರೆ ಕಪ್ಪಾಗುತ್ತದೆ, ಅದರಲ್ಲಿ ಬಿದ್ದ ತೊಗಲಿಗೆ ಕಲೆ ಹಿಡಿದು ಮುರುಟಿಹೋಗುತ್ತದೆ. ಹುಟ್ಟಿದಾಗಿನಿಂದ ಅದನ್ನು ಬಲ್ಲ ಸಾಹೇಬರೇ ಡ್ರಮ್ಮು ತರಿಸಿದ್ದರು. ಅವರು ನಿಂತ ನಿಲುವಿನಲ್ಲೇ ಇದ್ದರು. ಆಮೇಲೆ ಮರಿಯಪ್ಪನ ಕಡೆ ತಿರುಗಿದರು.

"ತುಂಬೂ ಮುಂದ ನಿನಗ ಗೊತ್ತಾಗಲಿಲ್ಲೇನೋ?"

ಮರಿಯಪ್ಪ ನೆಲ ನೋಡಿದ. "ಗೊತ್ತಿತ್ರೀ ಕಾಕಾ."

"ಮತ್ತ?"

"ಸಾಹೇಬ್ರ ತರಿಸ್ಯಾರಂದ್ರ ಬ್ಯಾರೆ ನಮೂನಿ ಡ್ರಮ್ ಇರಬೇಕ ಅಂದಕೊಂಡ್ವಿ. ನಿಮಗ ಹೆಂಗ ಹೇಳೂದ್ರೀ? ನೀವು ಸಾಹೇಬ್ರು."

ನಾನು ಆ ಮಾತು ಅವರಿಗೆ ತಾಗಿದ್ದನ್ನು ಕಣ್ಣಾರೆ ಕಂಡೆ. ಅತ್ತೆಯ ಬೈಗುಳಕ್ಕೆ ಗಟ್ಟಿಯಾಗಿ ನಿಂತಿದ್ದವರು ಇದಕ್ಕೆ ಹೊಂಡದ ದಂಡೆಯ ಮೇಲೆ ಕುಳಿತುಬಿಟ್ಟರು. ಟ್ರ್ಯಾಕ್ಟರಿನವನು, ಗಾಡಿಯವರು, ಊರಿನಿಂದ ನೋಡಲು ಬಂದವರು, ಎಲ್ಲರೂ ಸುತ್ತ ನಿಂತಿದ್ದರು. ಈಗ ಏನಾಗುತ್ತದೆ ಎಂದು ನನಗೆ ಗೊತ್ತಿತ್ತು. ಇಂಥ ಹೊತ್ತಿನಲ್ಲಿ ದೊಡ್ಡವರು ಯಾರ ಮೇಲಾದರೂ ಹಾಕುತ್ತಾರೆ. ಡ್ರಮ್ಮು ತಂದವನು ನಾನು, ತುಂಬಿದವನು ಮರಿಯಪ್ಪ. ಇಬ್ಬರಲ್ಲಿ ಒಬ್ಬರ ತಲೆ ಹೋಗುತ್ತದೆ ಎಂದು ನನ್ನ ತಲೆಯನ್ನು ಆಗಲೇ ಬಗ್ಗಿಸಿ ಇಟ್ಟುಕೊಂಡಿದ್ದೆ.

ಹುಲಿಗೆಪ್ಪನವರು ಎದ್ದು ನಿಂತರು. ಟೋಪಿ ತೆಗೆದರು. ಎಲ್ಲರಿಗೂ ಕೇಳುವಂತೆ, ಭಾಷಣದ ದನಿಯಲ್ಲಲ್ಲ, ಮನೆಯ ದನಿಯಲ್ಲಿ ಹೇಳಿದರು.

"ತಪ್ಪು ನಂದ. ಈ ಹುಡುಗೂರ್ದಲ್ಲ, ಶಂಕ್ರ್ಯಾಂದಲ್ಲ. ನಾ ಮರತೆ. ನಮ್ಮ ಮನಿ ನೀರು ನನ್ನ ಕೈಲೆ ಹೋತು. ಹೋಗ್ಲಿ. ನಿಮ್ಮವು ಇನ್ನೂ ಉಳದಾವು, ಅವನ್ನ ಉಳಸಬೇಕು. ಅತ್ತಿ, ಗಡಿಗಿ ಕೊಡು."

ಅದಕ್ಕೂ ಮೊದಲು ನಾನು ಸಾಹೇಬರ ಜೊತೆ ಎಷ್ಟೋ ಮುಖಂಡರನ್ನು ಆ ಜೀಪಿನಲ್ಲಿ ಕೂರಿಸಿಕೊಂಡು ಓಡಾಡಿದ್ದೆ. ಆ ಮಾತು ಯಾರ ಬಾಯಲ್ಲೂ ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ. ಸಾಲಿಯಲ್ಲಿ, ಮನೆಯಲ್ಲಿ, ಗುಡಿಯಲ್ಲಿ ಎಲ್ಲಿಯೂ ನನ್ನ ಪರವಾಗಿ ಹಾಗೆ ಯಾರೂ ನಿಂತಿರಲಿಲ್ಲ.

ಮುಂದಿನ ಸಂಕಟ ಬೇರೆಯೇ ಇತ್ತು. ಮಣ್ಣಿನ ಗಡಿಗೆಯಲ್ಲೇ ಹೊರಬೇಕೆಂದರೆ ಹಳ್ಳದ ಗುಂಟ ಹೋಗುವ ಹಳೆಯ ಹಾದಿಯೇ ಅವರಿಗೆ ವಾಡಿಕೆ. ಹಸಿ ತೊಗಲಾಗಲಿ, ಹೊಂಡದ ನೀರಾಗಲಿ ಪೇಟೆಯ ಮೂಲಕ ಹೋದದ್ದೇ ಇಲ್ಲ, ಬಿಟ್ಟವರೂ ಇಲ್ಲ. ಆದರೆ ಮೇಲೆಲ್ಲೋ ಮಳೆಯಾಗಿ ಹಳ್ಳ ಕೆಂಪಗೆ ತುಂಬಿ ಹರಿಯುತ್ತಿತ್ತು. ಟ್ರ್ಯಾಕ್ಟರಿನ ಹಾದಿ ಬಲು ಸುತ್ತು, ತಲೆಯ ಮೇಲೆ ಹೊತ್ತು ಅಷ್ಟು ಸಲ ತಿರುಗಾಡಿದರೆ ಸಂಜೆಯೊಳಗೆ ಕಾಲು ಭಾಗವೂ ಮುಟ್ಟುವುದಿಲ್ಲ. ಉಳಿದದ್ದು ಪೇಟೆಯ ನಡುವಿನ ನೆಟ್ಟಗಿನ ಓಣಿ. ಅದರ ಎರಡೂ ಬದಿಗೆ ಸೀರೆಯ ಅಂಗಡಿಗಳು.

ಸಾಹೇಬರು ನೆಟ್ಟಗೆ ಮಲ್ಲೇಶಪ್ಪ ಸಾವ್ಕಾರರ ಅಂಗಡಿಗೆ ಹೋದರು. ಆ ಸಾಲಿನ ಅಂಗಡಿಯವರೆಲ್ಲ ಅವರ ಮಾತು ಕೇಳುತ್ತಿದ್ದರು. ಹಣೆಯ ತುಂಬ ವಿಭೂತಿ ಹಚ್ಚಿದ, ಮಾತು ಕಡಿಮೆಯ ಹಿರಿಯರು. ಎಲ್ಲ ಕೇಳಿಸಿಕೊಂಡು, "ಸಾಹೇಬ್ರ, ನಿಮಗ ಇಲ್ಲ ಅನ್ನಾಕ ನನಗ ಬಾಯಿ ಬರೂದಿಲ್ಲ. ಆದ್ರ ಆ ನೀರು ಒಂದು ಹನಿ ರೇಷ್ಮಿಮ್ಯಾಲ ಬಿದ್ರ ಏಳೇಳು ಜನ್ಮಕ್ಕೂ ಹೋಗೂದಿಲ್ಲ. ಶ್ರಾವಣದ ಮಾಲು, ಓಣಿತುಂಬ ಹರವಿಟ್ಟಾರ. ನೇಕಾರರ ಹೊಟ್ಟೀನೂ ನೋಡಬೇಕಲ್ರಿ" ಎಂದರು. ಅವರು ಹೇಳಿದ್ದು ಸುಳ್ಳಲ್ಲ. ಅಂದು ಓಣಿಯಲ್ಲಿ ಕಟ್ಟೆಯ ಮೇಲೆಲ್ಲ ಸೀರೆ ಹರಡಿದ್ದವು. ಆ ಮಾತಿನ ಕೆಳಗೆ ಇನ್ನೊಂದು ಮಾತೂ ಇತ್ತು, ಅದನ್ನು ಅವರು ಆಡಲಿಲ್ಲ, ಇವರು ಕೇಳಲಿಲ್ಲ.

ಹುಲಿಗೆಪ್ಪನವರು ಅಂಗಡಿಯ ಗೋಡೆಯತ್ತ ಕಿವಿಗೊಟ್ಟರು. ಪಕ್ಕದ ಮನೆಯಿಂದ ಮಗ್ಗದ ಸದ್ದು ಬರುತ್ತಿತ್ತು. "ಸಾವ್ಕಾರ್ರ, ಆ ಸಪ್ಪಳ ಕೇಳ್ರಿ. ಲಾಳಿ ಹೊಡ್ಯೂ ತುಂಡು ನಮ್ಮ ಹೊಂಡದಾಗ ಹದಾ ಆದ ತೊಗಲು. ಈ ತೊಗಲು ಕೊಳತ್ರ ಆ ಮಗ್ಗಾನೂ ನಿಂದರತಾವು. ಸೀರಿ ಒಳಗ ತಗೋರಿ, ಒಂದು ತಾಸು ಸಾಕು. ಗಡಿಗಿ ಮುಂದ ನಾ ಇರ್ತೇನಿ. ಹನಿ ಬಿದ್ರ ನನ್ನ ಮೈಮ್ಯಾಲ ಬೀಳಲಿ."

"ನೀವು ಹೊರ್ತೀರಿ?" ಎಂದರು ಸಾವ್ಕಾರರು.

"ನಾನಲ್ದ ಮತ್ಯಾರು? ಕೆಡಿಸಿದಾಂವ ನಾನು."

ಮಲ್ಲೇಶಪ್ಪನವರು ಎದ್ದು ಹೊರಗೆ ಬಂದು, ತಮ್ಮ ಕಟ್ಟೆಯ ಮೇಲಿನ ಸೀರೆಗಳನ್ನು ತಾವೇ ಬಾಚಿ ಒಳಗೆ ಹಾಕತೊಡಗಿದರು. ಅದನ್ನು ನೋಡಿ ಎದುರಿನವನು ಎದ್ದ. ಅವನನ್ನು ನೋಡಿ ಪಕ್ಕದವನು.

ತೊಗಲು ಹದ ಮಾಡುವವರ ಹೆಂಗಸರೆಲ್ಲ ಮನೆಮನೆಯಿಂದ ಗಡಿಗೆ ತಂದರು. ತುಂಬಿದ ಗಡಿಗೆಯ ಮೇಲೆ ತಂಗಡಿ ಸೊಪ್ಪಿನ ಗೊಂಚಲು ತೇಲಬಿಟ್ಟರೆ ನೀರು ತುಳುಕುವುದಿಲ್ಲ, ದುರಗವ್ವ ಒಂದೊಂದಕ್ಕೂ ತಾನೇ ಇಟ್ಟಳು. ಹುಲಿಗೆಪ್ಪನವರೊಡನೆ ಮಾತು ಬಿಟ್ಟಿದ್ದಳು. ಅವರ ಗಡಿಗೆಗೂ ಸೊಪ್ಪು ಇಟ್ಟಳು, ಮುಖ ನೋಡಲಿಲ್ಲ. ಹೊಂಡದ ನೀರು ಹೊರುವಾಗ ಕಾಲಿಗೆ ಏನೂ ಹಾಕುವಂತಿಲ್ಲ. ಸಾಹೇಬರು ತಾವೇ ಹೊಲಿದುಕೊಂಡಿದ್ದ ಚಪ್ಪಲಿ ಕಳಚಿ ಜೀಪಿನಲ್ಲಿಟ್ಟರು, ಧೋತರ ಮೇಲೆತ್ತಿ ಕಚ್ಚೆ ಬಿಗಿದರು, ತಲೆಗೆ ಸಿಂಬಿ ಇಟ್ಟು ಗಡಿಗೆ ಹೊತ್ತರು. ಬಿಳಿ ಜುಬ್ಬಾ ಮೈಮೇಲೆಯೇ ಇತ್ತು. ಹಿಂದೆ ಮರಿಯಪ್ಪ, ಅವನ ಹಿಂದೆ ಸಾಲು. ನಾನೂ ಒಂದು ಹೊತ್ತೆ. ಯಾರೂ ಹೇಳಿರಲಿಲ್ಲ. ಸ್ಟೇರಿಂಗ್ ಹಿಡಿದು ಸುಮ್ಮನೆ ಕೂರಲು ನನ್ನಿಂದ ಆಗಲಿಲ್ಲ.

ಆ ಓಣಿಯನ್ನು ನಾನು ಹೇಗೆ ವರ್ಣಿಸಲಿ? ಮಗ್ಗಗಳು ನಿಂತಿದ್ದವು. ನೇಕಾರರು ಮಗ್ಗದ ಕುಣಿಯಿಂದ ಎದ್ದು ಬಾಗಿಲಿಗೆ ಬಂದಿದ್ದರು. ಮೋಡ ದಟ್ಟವಾಗಿ ಹಗಲೇ ಮಬ್ಬಾಗಿತ್ತು. ಒಗರು ವಾಸನೆ ಓಣಿ ತುಂಬಿಕೊಂಡಿತ್ತು, ಆದರೆ ಯಾರ ಸೆರಗೂ ಮೂಗಿಗೆ ಹೋಗಿದ್ದು ನಾನು ಕಾಣಲಿಲ್ಲ. ಕೇಳುತ್ತಿದ್ದದ್ದು ಬರಿಗಾಲಿನ ಸಪ್ಪಳ ಮಾತ್ರ. ಮುಂದೆ ಹುಲಿಗೆಪ್ಪನವರು ಕತ್ತು ನೆಟ್ಟಗೆ ಇಟ್ಟುಕೊಂಡು, ಕಣ್ಣು ಮಾತ್ರ ಕೆಳಗೆ ಹಾಕಿ ನಡೆಯುತ್ತಿದ್ದರು. ಮಲ್ಲೇಶಪ್ಪ ಸಾವ್ಕಾರರು ಕಟ್ಟೆಯ ಮೇಲೆ ನಿಂತಿದ್ದರು. ಗಡಿಗೆ ಎದುರಿಗೆ ಬಂದಾಗ ಅವರು ಕಾಲಲ್ಲಿದ್ದ ಚಪ್ಪಲಿಯನ್ನು ಮೆಲ್ಲಗೆ ಬಿಟ್ಟು ಹಿಂದೆ ಸರಿದು ನಿಂತರು, ಪಲ್ಲಕ್ಕಿ ಬಂದಾಗ ನಿಲ್ಲುವ ಹಾಗೆ. ಹೇಳಿ ಮಾಡಿದ್ದಲ್ಲ ಅದು, ಕಾಲು ತಾನಾಗಿ ಮಾಡಿದ್ದು. ಆಚೆಯವರೂ ಬಿಟ್ಟರು. ಓಣಿಯ ಕೊನೆಯವರೆಗೆ ಒಬ್ಬೊಬ್ಬರಾಗಿ ಬಿಡುತ್ತ ಹೋದರು. ನನ್ನ ಕಣ್ಣು ತುಂಬಿ ಬಂದವು, ಎರಡೂ ಕೈ ಗಡಿಗೆಯ ಮೇಲಿದ್ದುದರಿಂದ ಒರೆಸಿಕೊಳ್ಳಲೂ ಆಗಲಿಲ್ಲ.

ಒಂದು ತಾಸು ಎಂದದ್ದು ಸಂಜೆಯವರೆಗೆ ನಡೆಯಿತು. ಎಷ್ಟು ಸಲ ಹೋಗಿ ಬಂದೆವೋ ಲೆಕ್ಕವಿಲ್ಲ. ಸೀರೆಗಳು ಒಳಗೇ ಇದ್ದವು, ಯಾರೂ ಅವಸರ ಮಾಡಲಿಲ್ಲ. ಮಧ್ಯಾಹ್ನ ಸಾವ್ಕಾರರ ಮನೆಯಿಂದ ಮಜ್ಜಿಗೆ ಬಂತು. ಓಣಿಯಲ್ಲಿ ಒಂದು ಹನಿಯೂ ಬೀಳಲಿಲ್ಲ. ಬಿದ್ದದ್ದು ಸಾಹೇಬರ ಜುಬ್ಬಾದ ಹೆಗಲ ಮೇಲೆ, ಅಂಗೈಯಗಲದ ಕಂದು ಕಲೆ. ಅವರದೇ ಮಾತು ನಿಜವಾಯಿತು.

ಮಳೆ ಹಿಡಿಯುವ ಮೊದಲೇ ಎಲ್ಲ ಹೊಂಡಗಳಿಗೂ ಹಳೆಯ ನೀರು ಬಿದ್ದು, ತೊಗಲುಗಳು ಒಳಗಿಳಿದವು. ಒಂದು ಹೊಂಡ ಮಾತ್ರ ಬೆಪ್ಪಾಗಿ ನಿಂತಿತ್ತು. ಕಪ್ಪು ನೀರನ್ನು ಎತ್ತಿ ಚೆಲ್ಲಿ, ಅದನ್ನು ಸುಣ್ಣದಿಂದ ಉಜ್ಜಿ ತೊಳೆದು, ಹೊಸ ತೊಗಟೆಯ ನೀರು ತುಂಬಿದ್ದರು. ಹೆಪ್ಪಿಲ್ಲದ ಹಾಲು. ಹುಲಿಗೆಪ್ಪನವರು ಅದರ ದಂಡೆಯಲ್ಲಿ ಮೊಣಕಾಲು ಹಿಡಿದು ಕುಳಿತಿದ್ದರು. ಅಷ್ಟು ದಣಿದ ಮನುಷ್ಯನನ್ನು ನಾನು ನೋಡಿರಲಿಲ್ಲ. ಮುತ್ತಜ್ಜನ ನೀರು ಹೋಗಿತ್ತು, ಅದನ್ನು ಯಾವ ಸರಕಾರವೂ ಮಂಜೂರು ಮಾಡಿಕೊಡಲಾರದು.

ಆಗ ಪಕ್ಕದ ಹೊಂಡದ ಮುದುಕ ಎದ್ದು, ತನ್ನ ಹೊಂಡದಿಂದ ಒಂದು ಗಡಿಗೆ ಮೊಗೆದು ತಂದು ಇದಕ್ಕೆ ಸುರಿದ. ಅವನ ಹಿಂದೆ ಇನ್ನೊಬ್ಬ ಬಂದ, ಆಮೇಲೆ ಒಬ್ಬ ಹೆಂಗಸು. ಮನೆಗೊಂದು ಗಡಿಗೆಯಂತೆ ಎಲ್ಲರೂ ತಂದು ಸುರಿದರು. ನೀರಿನ ಬಣ್ಣ ನೋಡನೋಡುತ್ತ ಬೆಲ್ಲದ ಪಾಕದಂತಾಯಿತು. ಕೊನೆಯಲ್ಲಿ ದುರಗವ್ವ ಬಂದಳು. ಅವಳಿಗೆ ಸ್ವಂತ ಹೊಂಡವೆಲ್ಲಿಯದು? ಹಳೆಯ ಜಾಗಕ್ಕೆ ಹೋಗಿ, ತಳದಲ್ಲಿ ಉಳಿದಿದ್ದ ರಾಡಿಯನ್ನು ಬಟ್ಟೆಯಲ್ಲಿ ಸೋಸಿ, ಒಂದು ತಂಬಿಗೆಯಷ್ಟು ನೀರು ಮಣ್ಣಿನ ಕುಡಿಕೆಯಲ್ಲಿ ತಂದಿದ್ದಳು. ಅದನ್ನು ಸುರಿದು, ಸೆರಗಿಗೆ ಕೈ ಒರೆಸಿ, ಬೆಳಗಿನ ಆ ಬೈಗುಳದ ಮೇಲೆ ಮೊದಲ ಸಲ ಹುಲಿಗೆಪ್ಪನವರ ಮುಖ ನೋಡಿದಳು.

"ಇನ್ನ ಮ್ಯಾಲೆ ಹೊಂಡದ ಮುಂದ ಸಾಹೇಬ ಇಲ್ಲ, ಹಿರೇರಿಲ್ಲ, ಗಂಡ ಮಾವ ಯಾರೂ ಇಲ್ಲ. ತಪ್ಪು ಕಂಡವರು ಒದರಬೇಕು. ಕೇಳಿದಿರೋ ಎಲ್ಲಾರೂ?" ಎಂದು ಸುತ್ತ ನಿಂತವರಿಗೆಲ್ಲ ಹೇಳಿದಳು. ಆಮೇಲೆ ದನಿ ಇಳಿಸಿ, "ಬೈಯೂದ ಮುಗೀತು, ಹುಲಿಗ್ಯಾ. ಉಣ್ಣಾಕ ಬಾ" ಎಂದಳು. ಹುಲಿಗೆಪ್ಪನವರು ಆಗ ಅತ್ತರು. ಎಲ್ಲರೆದುರು, ಮುಖ ಮುಚ್ಚಿಕೊಳ್ಳದೆ ಅತ್ತರು.

ಬಾಗಲಕೋಟೆಗೆ ಮರಳುವಾಗ ಅಮೀನಗಡದ ಹತ್ತಿರ ನಾನು ಧೈರ್ಯ ಮಾಡಿ ಕೇಳಿದೆ. "ಸಾಹೇಬ್ರ, ಡ್ರಮ್ ತಂದಾಂವ ನಾನು. ನನ್ನಮ್ಯಾಲ ಹಾಕಿದ್ರ ಯಾರೂ ಏನೂ ಅಂತಿದ್ದಿಲ್ಲ."

ಅವರು ಒದ್ದೆ ಕಿಟಕಿಯಾಚೆ ನೋಡುತ್ತಿದ್ದರು. "ನಿನ್ನಮ್ಯಾಲ ಹಾಕಿದ್ರ ನಾಳಿಗೆ ನೀನೂ ಸುಮ್ಮ ಆಗತಿದ್ದಿ. ಬೆಂಗಳೂರಾಗ ನನಗ ಬೈಯಾವರ ಇಲ್ಲೋ ಶಂಕ್ರ್ಯಾ. ಎಲ್ಲಾರೂ ಹೌದ್ರಿ ಅಂತಾರ. ಇಲ್ಲಿನೂ ಹಂಗ ಆಗೇತಿ ಅಂತ ಇವತ್ತ ಗೊತ್ತಾತು. ಅದಕ ಹೆದರಿಕಿ ಆತು." ಆಮೇಲೆ ನನ್ನ ಕಡೆ ತಿರುಗಿ, "ಪ್ಯಾಟಿ ಓಣ್ಯಾಗ ಎಲ್ಲಾರ ಕಾಲೂ ಬರಿಗಾಲು ಇದ್ದೂವಲ್ಲೋ" ಎಂದರು. ಅವರ ಕಣ್ಣಿಗೆ ಅದು ತಪ್ಪುವುದುಂಟೇ?

ಆ ವಾರ ಬಾದಾಮಿಗೆ ಹೋದಾಗ ನನ್ನ ಅಂಗಿಯಲ್ಲಿ ಇನ್ನೂ ಆ ವಾಸನೆಯಿತ್ತು. ಅವ್ವ ಹಿತ್ತಲಲ್ಲಿ ಬಿಸಿನೀರು ಇಟ್ಟಿದ್ದಳು. ಬಾಗಿಲಲ್ಲೇ ನಿಂತು ಎಲ್ಲ ಹೇಳಿದೆ. ಅವಳು ಕೇಳಿ ಮುಗಿಸಿ, ತಂಬಿಗೆಯನ್ನು ಕೆಳಗಿಟ್ಟು, "ರೊಟ್ಟಿ ಆರತಾವು, ಮೊದಲ ಬಾ" ಎಂದಳು. ಆಮೇಲೆ ದಾರಿಯ ಧೂಳಿನ ಮಾತು ನಮ್ಮ ಮನೆಯಲ್ಲಿ ಬರಲಿಲ್ಲ. ಸಾಹೇಬರ ಜುಬ್ಬಾದ ಕಲೆ ಎಷ್ಟು ಒಗೆದರೂ ಹೋಗಲಿಲ್ಲ. ಅದನ್ನೇ ಹಾಕಿಕೊಂಡು ಬೆಂಗಳೂರಿಗೂ ಹೋಗುತ್ತಿದ್ದರು. ಎಂಬತ್ತರ ದಶಕ ಮುಗಿಯುವ ಮುನ್ನ ತೀರಿಕೊಂಡರು. ಮಂತ್ರಿಯಾಗಲಿಲ್ಲ. ನಾನು ಕಂಡವರಲ್ಲಿ ಅವರಷ್ಟು ದೊಡ್ಡ ಮನುಷ್ಯ ಇನ್ನೊಬ್ಬರಿಲ್ಲ.

ಇಷ್ಟೂ ನೆನಪು ಆ ನಡುರಸ್ತೆಯಲ್ಲಿ ಮೂಗಿನಿಂದ ತಲೆಗೇರಿತ್ತು. ಸೀರೆ ಆಮೇಲೆ ನೋಡಿದರಾಯಿತೆಂದು ವಾಸನೆಯ ಬೆನ್ನು ಹತ್ತಿ ಗುಡ್ಡದ ಬದಿಗೆ ಹೋದೆ. ಎಷ್ಟೋ ಹೊಂಡಗಳು ಬತ್ತಿವೆ, ಹುಡುಗರು ಕಲ್ಲಿನ ಕೆಲಸಕ್ಕೆ ಹೋಗಿದ್ದಾರೆ. ಕೆಲವಷ್ಟೇ ನಡೆಯುತ್ತಿವೆ. ಮರಿಯಪ್ಪ ಹಲ್ಲಿಲ್ಲದ ಮುದುಕನಾಗಿದ್ದ, ನನ್ನನ್ನು ಗುರುತಿಸಿ ಕೈ ಹಿಡಿದು ಕೂರಿಸಿದ. ಸಾಹೇಬರ ಹೊಂಡ ತುಂಬಿತ್ತು. ಸುತ್ತಿನ ಯಾವ ಊರಲ್ಲಿ ಯಾರೇ ಹೊಸ ಹೊಂಡ ಹಾಕಿದರೂ ನೀರು ಇಲ್ಲಿಂದಲೇ ಒಯ್ಯುತ್ತಾರಂತೆ. "ಎಲ್ಲಾರ ಮನಿ ನೀರೂ ಇದರಾಗ ಐತಲ್ರಿ" ಎಂದ. ಅಂದೂ ಗುಳೇದಗುಡ್ಡದಿಂದ ಒಬ್ಬ ನೀರಿಗಾಗಿ ಬಂದಿದ್ದ. ಮರಿಯಪ್ಪ ಅವನ ಪ್ಲಾಸ್ಟಿಕ್ ಬಕೆಟ್ಟು ಇಸಿದುಕೊಂಡು ಹೊಂಡಕ್ಕೆ ಬಾಗಿದ.

"ಮಾವಾ, ತಡೀರಿ!" ಮನೆಯ ಬಾಗಿಲಿಂದ ಅವನ ಸೊಸೆ ಒದರಿದಳು. ಕೈಯಲ್ಲಿ ರೊಟ್ಟಿಯ ಹಿಟ್ಟು ಹಾಗೇ ಇತ್ತು. "ಹಿಡಿಕಿ ನೋಡ್ರಿ, ಕಬ್ಬಣದ ತಂತಿ ಐತಿ. ಕಣ್ಣ ಎಲ್ಲಿಟ್ಟೀರಿ? ಇಳಸ್ರಿ ಕೆಳಗ!"

ಬಂದವರೆದುರು ಸೊಸೆ ಮಾವನಿಗೆ ಹೀಗೆ ಗದರುವುದನ್ನು ನಮ್ಮ ಕಡೆ ನಾನು ಬೇರೆಲ್ಲೂ ಕಂಡಿಲ್ಲ. ಗುಳೇದಗುಡ್ಡದವನು ದಂಗಾಗಿ ನಿಂತ. ಮರಿಯಪ್ಪ ಬಕೆಟ್ಟನ್ನು ಮೆಲ್ಲಗೆ ಕೆಳಗಿಟ್ಟ, ಸೊಸೆಯ ಕಡೆ ತಿರುಗಿದ.

"ಹೌದವಾ. ತಪ್ಪು ನಂದ. ಗಡಿಗಿ ಕೊಡು" ಎಂದ.